ಶೇಂಗಾ ಕಾಳಿನಿಂದ ಹಾಲಿನ ಲೋಟದವರೆಗೆ: ಆಹಾರದ ನಂಜು ಮತ್ತು ನಮ್ಮ ಕಾನೂನು

ನಮ್ಮ ಕನ್ನಡ ಸಂಘದ ರಾಜ್ಯೋತ್ಸವದಲ್ಲಿ ಪ್ರತಿವರ್ಷವೂ ಮಹಿಳಾ ವಿಭಾಗದವರು ತಿಂಡಿ ತಿನಿಸುಗಳ ಮಳಿಗೆಯನ್ನು ನಡೆಸುವ ವಾಡಿಕೆಯುಂಟು. ಕೆಲವು ವರ್ಷಗಳ ಹಿಂದೆ ಮಳಿಗೆಯ ಲೆಕ್ಕಪತ್ರವನ್ನು ನೋಡಿಕೊಳ್ಳುವ ಹೊಣೆ ನಮ್ಮ ಪಾಲಿಗೆ ಬಂದಿತ್ತು. ಬ್ಯಾಂಕಿನವರೆಂದರೆ ಲೆಕ್ಕದಲ್ಲಿ ಗಟ್ಟಿಗರೆಂಬ ನಂಬಿಕೆ ಇದಕ್ಕೆ ಕಾರಣ. ಶೇಂಗಾ ಹೋಳಿಗೆಗೆಂದು ಸಗಟು ಅಂಗಡಿಯೊಂದರಿಂದ ಹತ್ತು ಕಿಲೋ ಶೇಂಗಾ ತರಿಸಿದ್ದೆವು. ಹುರಿಯುವ ಮುನ್ನ ಎಪ್ಪತ್ತು ದಾಟಿದ ಹಿರಿಯ ಸದಸ್ಯೆಯೊಬ್ಬರು ನಾಲ್ಕಾರು ಕಾಳುಗಳನ್ನು ಬಾಯಿಗೆ ಹಾಕಿಕೊಂಡು ಮುಖ ಸಿಂಡರಿಸಿದರು. ಚೀಲವನ್ನು ಬಗ್ಗಿಸಿ ನೋಡಿದಾಗ ಅಲ್ಲಲ್ಲಿ ಸುಕ್ಕುಗಟ್ಟಿದ, ಹಸಿರು ಬೂಷ್ಟು ಹಿಡಿದ ಕಾಳುಗಳು ಕಂಡವು. ಎಲ್ಲವನ್ನೂ ಚೆಲ್ಲಿ ಹೊಸದನ್ನು ತರಬೇಕೆಂದು ಅವರು ಹೇಳಿದರು. ಕೆಟ್ಟ ಕಾಳನ್ನು ಆರಿಸಿ ತೆಗೆದು ಉಳಿದುದನ್ನು ಚೆನ್ನಾಗಿ ಹುರಿದರೆ ಸಾಕಲ್ಲವೇ, ಹತ್ತು ಕಿಲೋ ಎಂದರೆ ಕಡಿಮೆ ಹಣವೇ, ಎಂದು ನಾವು ವಾದಿಸಿದೆವು.

“ತಮ್ಮಾ, ಇದು ನಮ್ಮ ಮನ್ಯಾಗ ನಾವು ತಿನ್ನೂದಲ್ಲ. ನಾಕು ಮಂದಿಗೆ ಉಣಿಸೂದು ಐತಿ” ಎಂದು ಆ ತಾಯಿ ಹೇಳಿದ ಒಂದು ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಶೇಂಗಾ ತೊಟ್ಟಿಗೆ ಹೋಯಿತು. ಆ ವರ್ಷದ ಲೆಕ್ಕದಲ್ಲಿ ನಷ್ಟವೆಂದು ಅದನ್ನು ಬರೆದುಕೊಂಡೆವು. ಮುಂದೆ ಆಹಾರ ಸುರಕ್ಷತೆಯ ಕಾನೂನನ್ನು ಕುತೂಹಲದಿಂದ ಓದಿದಾಗ ತಿಳಿದುದೇನೆಂದರೆ, ಶಾಲೆಯನ್ನೂ ಪೂರ್ತಿಗೊಳಿಸದ ಆ ಹಿರಿಯರ ಆ ಒಂದು ವಾಕ್ಯದಲ್ಲಿ ಇಡೀ ಕಾಯಿದೆಯ ತಿರುಳು ಅಡಗಿತ್ತು. ಮನೆಯ ಅಡುಗೆಗೆ ಕಾನೂನು ಕೈಹಾಕುವುದಿಲ್ಲ. ಸಾರ್ವಜನಿಕರಿಗೆ ಮಾರಿದ ಅಥವಾ ಹಂಚಿದ ಕ್ಷಣದಿಂದ ಅನ್ನಕ್ಕೆ ಒಬ್ಬ ಜವಾಬ್ದಾರನಿರಬೇಕು ಎಂಬುದೇ ಅದರ ತತ್ವ. ಈ ವಿಷಯವನ್ನು ಓದುಗ ಬಾಂಧವರೊಡನೆ ಹಂಚಿಕೊಳ್ಳುವುದು ಈ ಲೇಖನದ ಉದ್ದೇಶ.

ಖೋಟಾ ನೋಟು, ಕೊಳೆ ನೋಟು

ಆಹಾರದ ದೋಷವೆಂದೊಡನೆ ನಮಗೆಲ್ಲ ನೆನಪಾಗುವುದು ‘ಕಲಬೆರಕೆ’ ಎಂಬ ಪದ. ಹಾಲಿಗೆ ನೀರು, ಮೆಣಸಿಗೆ ಪರಂಗಿ ಬೀಜ, ಚಹಾಪುಡಿಗೆ ಬಣ್ಣ ಇತ್ಯಾದಿ. ಆದರೆ ಕಾನೂನಿನ ದೃಷ್ಟಿಯಲ್ಲಿ ಇದಕ್ಕಿಂತ ಬೇರೆಯಾದ ಇನ್ನೊಂದು ದೋಷವಿದೆ. ಅದು ‘ಮಾಲಿನ್ಯಕಾರಕ’. ನಮ್ಮ ವೃತ್ತಿಯ ಭಾಷೆಯಲ್ಲಿ ಹೇಳುವುದಾದರೆ, ಕಲಬೆರಕೆಯು ಖೋಟಾ ನೋಟಿದ್ದಂತೆ. ಅದರ ಹಿಂದೆ ಒಬ್ಬ ವಂಚಕನಿರುತ್ತಾನೆ. ಮಾಲಿನ್ಯವು ಕೊಳೆ ಹತ್ತಿದ ನೋಟಿನಂತೆ. ಕೈಯಿಂದ ಕೈಗೆ ಸಾಗುವ ದಾರಿಯಲ್ಲಿ ಎಲ್ಲಿಯೋ ಕೊಳೆ ಅಂಟಿರುತ್ತದೆ, ಯಾರೂ ಬೇಕೆಂದು ಮಾಡಿರುವುದಿಲ್ಲ.

2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆಯು ಮಾಲಿನ್ಯಕಾರಕದ ವ್ಯಾಖ್ಯೆಯನ್ನು ಬಹಳ ವಿಶಾಲವಾಗಿ ಕೊಟ್ಟಿದೆ. ಬೆಳೆ ಬೆಳೆಯುವಾಗ, ದನ ಸಾಕುವಾಗ, ತಯಾರಿಸುವಾಗ, ಕಟ್ಟುವಾಗ, ಸಾಗಿಸುವಾಗ, ದಾಸ್ತಾನು ಇಡುವಾಗ ಅಥವಾ ಪರಿಸರದಿಂದಲೇ ಆಹಾರದೊಳಗೆ ಸೇರಿದ ವಸ್ತುಗಳೆಲ್ಲ ಅದರಲ್ಲಿ ಬರುತ್ತವೆ. ಅವನ್ನು ಯಾರಾದರೂ ಸೇರಿಸಿರಲಿ, ಸೇರಿಸದಿರಲಿ, ವ್ಯತ್ಯಾಸವಿಲ್ಲ. ಕೀಟದ ಚೂರು, ಇಲಿಯ ಕೂದಲು ಮುಂತಾದವು ಮಾತ್ರ ಈ ವ್ಯಾಖ್ಯೆಗೆ ಸೇರದೆ ‘ಹೊರವಸ್ತು’ ಎಂಬ ಬೇರೆ ಗುಂಪಿಗೆ ಹೋಗುತ್ತವೆ. ಕಾಯಿದೆಯ 20ನೆಯ ಕಲಮಿನ ಪ್ರಕಾರ ಯಾವ ಆಹಾರದಲ್ಲಿಯೂ ಮಾಲಿನ್ಯಕಾರಕ, ನೈಸರ್ಗಿಕ ವಿಷ ಅಥವಾ ಭಾರ ಲೋಹಗಳು ನಿಯಮದಲ್ಲಿ ಗೊತ್ತುಪಡಿಸಿದ ಮಿತಿಯನ್ನು ಮೀರಿರಬಾರದು. 21ನೆಯ ಕಲಮು ಕೀಟನಾಶಕ, ಪಶುಔಷಧಿ ಹಾಗೂ ಪ್ರತಿಜೀವಕಗಳ ಉಳಿಕೆಗೆ ಸಂಬಂಧಿಸಿದ್ದು.

ಕಾನೂನು ಬೆಳೆದು ಬಂದ ದಾರಿ

ಈ ಚಿಂತನೆ ಇಂದು ನಿನ್ನೆಯದಲ್ಲ. 1860ರ ಭಾರತೀಯ ದಂಡ ಸಂಹಿತೆಯಲ್ಲಿಯೇ ಕಲಬೆರಕೆ ಆಹಾರದ ಬಗ್ಗೆ ಎರಡು ಕಲಮುಗಳಿದ್ದವು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅವು 274 ಮತ್ತು 275ನೆಯ ಕಲಮುಗಳಾಗಿ ಮುಂದುವರಿದಿವೆ. ನಾವು ಕನ್ನಡಿಗರು ನೆಲೆಸಿರುವ ಮಹಾನಗರಗಳ ಪ್ರಾಂತಗಳು ಈ ವಿಷಯದಲ್ಲಿ ಬಹಳ ಹಿಂದೆಯೇ ಎಚ್ಚೆತ್ತುದು ಗಮನಾರ್ಹ. ಮದರಾಸು ಪ್ರಾಂತವು 1918ರಲ್ಲಿ, ಮುಂಬಯಿ ಪ್ರಾಂತವು 1925ರಲ್ಲಿ ತಮ್ಮದೇ ಕಲಬೆರಕೆ ತಡೆ ಕಾಯಿದೆಗಳನ್ನು ಮಾಡಿಕೊಂಡಿದ್ದವು. ಪ್ರಾಂತಕ್ಕೊಂದು ನಿಯಮವಿದ್ದ ಈ ಗೊಂದಲವನ್ನು ನಿವಾರಿಸಿ ದೇಶಕ್ಕೆಲ್ಲ ಒಂದೇ ಕಾನೂನನ್ನು ತಂದುದು 1954ರ ಆಹಾರ ಕಲಬೆರಕೆ ತಡೆ ಕಾಯಿದೆ. ಅದು 1955ರ ಜೂನ್ 1ರಿಂದ ಜಾರಿಯಾಯಿತು.

ಅರ್ಧ ಶತಮಾನ ನಡೆದ ಆ ಕಾಯಿದೆಯ ಮುಖ್ಯ ಗಮನವಿದ್ದುದು ವಂಚಕನ ಮೇಲೆ. 1998ರಲ್ಲಿ ದೆಹಲಿಯಲ್ಲಿ ಸಾಸಿವೆ ಎಣ್ಣೆಯೊಡನೆ ಆರ್ಜಿಮೋನ್ ಎಂಬ ಹಳದಿ ಹೂವಿನ ಮುಳ್ಳುಗಿಡದ ಬೀಜದೆಣ್ಣೆ ಸೇರಿ ಅರವತ್ತಕ್ಕೂ ಹೆಚ್ಚು ಜನರು ಪ್ರಾಣ ಕಳೆದುಕೊಂಡರು. ದೆಹಲಿಯ ನಮ್ಮ ಹಿರಿಯ ಕನ್ನಡಿಗರಿಗೆ ಆ ದಿನಗಳು ಇನ್ನೂ ನೆನಪಿರಬಹುದು. ಖಾದ್ಯತೈಲವನ್ನು ಮೊಹರು ಮಾಡಿದ ಪೊಟ್ಟಣದಲ್ಲಿಯೇ ಮಾರಬೇಕೆಂಬ ಆದೇಶ ಹೊರಟುದು ಆ ದುರಂತದ ಬಳಿಕವೇ. ಬೇರೆ ಬೇರೆ ಸಚಿವಾಲಯಗಳ ಆದೇಶಗಳನ್ನೆಲ್ಲ ಒಂದೇ ಸೂರಿನಡಿ ತಂದ 2006ರ ಹೊಸ ಕಾಯಿದೆಯು 2011ರ ಆಗಸ್ಟ್ 5ರಿಂದ ಹಳೆಯದರ ಸ್ಥಾನದಲ್ಲಿ ಪೂರ್ಣವಾಗಿ ಜಾರಿಗೆ ಬಂದಿತು. ಅದರೊಡನೆಯೇ ಮಾಲಿನ್ಯಕಾರಕಗಳು, ವಿಷಗಳು ಮತ್ತು ಉಳಿಕೆಗಳಿಗೆ ಸಂಬಂಧಿಸಿದ ಪ್ರತ್ಯೇಕ ನಿಯಮಾವಳಿಯೂ ಬಂದಿತು. ಇದನ್ನು ನಡೆಸುವ ಕೇಂದ್ರ ಸಂಸ್ಥೆಯೇ ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ, ಅಂದರೆ ನಾವು ಪೊಟ್ಟಣಗಳ ಮೇಲೆ ನೋಡುವ ಎಫ್‌ಎಸ್‌ಎಸ್‌ಎಐ.

ನೂರು ಕೋಟಿಯಲ್ಲಿ ಹದಿನೈದು ರೂಪಾಯಿ

ಇನ್ನು ನಮ್ಮ ಶೇಂಗಾದ ಕಡೆಗೆ ಬರೋಣ. ಧಾರವಾಡದ ಕಡೆ ಶೇಂಗಾ, ಮೈಸೂರಿನ ಕಡೆ ಕಡಲೆಕಾಯಿ, ಕರಾವಳಿಯಲ್ಲಿ ನೆಲಗಡಲೆ ಎನಿಸಿಕೊಳ್ಳುವ ಈ ಬೆಳೆ ತೇವದಲ್ಲಿ ಒಣಗದೆ ಉಳಿದರೆ ಆಸ್ಪರ್ಜಿಲಸ್ ಎಂಬ ಜಾತಿಯ ಬೂಷ್ಟು ಹತ್ತುತ್ತದೆ. ಅದು ಉತ್ಪಾದಿಸುವ ವಿಷಕ್ಕೆ ಅಫ್ಲಾಟಾಕ್ಸಿನ್ ಎಂದು ಹೆಸರು. 1960ರಲ್ಲಿ ಇಂಗ್ಲೆಂಡಿನಲ್ಲಿ ಶೇಂಗಾ ಹಿಂಡಿ ತಿಂದ ಟರ್ಕಿ ಕೋಳಿಗಳು ಸಾವಿರಗಟ್ಟಲೆ ಸತ್ತಾಗ ವಿಜ್ಞಾನಿಗಳಿಗೆ ಇದರ ಸುಳಿವು ದೊರೆಯಿತು. ನಮ್ಮ ದೇಶದಲ್ಲಿ 1974ರಲ್ಲಿ ರಾಜಸ್ಥಾನ ಮತ್ತು ಗುಜರಾತಿನ ಗಡಿಯ ಬುಡಕಟ್ಟು ಪ್ರದೇಶಗಳಲ್ಲಿ ಮಳೆಗೆ ಸಿಕ್ಕು ಬೂಷ್ಟು ಹಿಡಿದ ಮೆಕ್ಕೆಜೋಳವನ್ನು ತಿಂದು ನೂರಕ್ಕೂ ಹೆಚ್ಚು ಜನರು ಕಾಮಾಲೆಯಿಂದ ಮೃತರಾದರು. ಅಲ್ಪ ಪ್ರಮಾಣದಲ್ಲಿ ದೀರ್ಘಕಾಲ ದೇಹ ಸೇರಿದರೆ ಇದು ಯಕೃತ್ತಿನ ಕ್ಯಾನ್ಸರಿಗೆ ಕಾರಣವಾಗುತ್ತದೆ ಎಂಬುದು ಸಿದ್ಧವಾಗಿದೆ. ಎಲ್ಲಕ್ಕಿಂತ ಮುಖ್ಯವಾಗಿ, ಸಾಮಾನ್ಯ ಅಡುಗೆಯ ಬಿಸಿಗೆ ಅಥವಾ ಹುರಿಯುವಿಕೆಗೆ ಈ ವಿಷ ಪೂರ್ತಿಯಾಗಿ ನಾಶವಾಗುವುದಿಲ್ಲ. ಬೂಷ್ಟು ಸಾಯಬಹುದು, ಅದು ಬಿಟ್ಟುಹೋದ ನಂಜು ಉಳಿಯುತ್ತದೆ. ಚೆನ್ನಾಗಿ ಹುರಿದರಾಯಿತು ಎಂಬ ನಮ್ಮ ವಾದ ತಪ್ಪಾಗಿದ್ದುದು ಇಲ್ಲಿಯೇ.

ಕಾನೂನಿನ ಮಿತಿ ಏನು? ಮುಂದೆ ಸಂಸ್ಕರಿಸಬೇಕಾದ ಕಾಳಿನಲ್ಲಿ ಒಂದು ಕಿಲೋಗೆ 15 ಮೈಕ್ರೋಗ್ರಾಂ, ನೇರವಾಗಿ ತಿನ್ನಲು ಸಿದ್ಧವಿರುವುದರಲ್ಲಿ 10 ಮೈಕ್ರೋಗ್ರಾಂ. ಈ ಅಳತೆ ನಮ್ಮಂತಹ ಕಲಾ ಪದವೀಧರರಿಗೆ ಸುಲಭಕ್ಕೆ ಎಟುಕುವುದಿಲ್ಲ. ಒಂದು ಕಿಲೋದಲ್ಲಿ ಒಂದು ಮಿಲಿಗ್ರಾಂ ಎಂದರೆ ಹತ್ತು ಲಕ್ಷ ರೂಪಾಯಿಯಲ್ಲಿ ಒಂದು ರೂಪಾಯಿ. ಒಂದು ಮೈಕ್ರೋಗ್ರಾಂ ಎಂದರೆ ನೂರು ಕೋಟಿ ರೂಪಾಯಿಯಲ್ಲಿ ಒಂದು ರೂಪಾಯಿ. ಅಂದರೆ ನೂರು ಕೋಟಿಯ ತಿಜೋರಿಯಲ್ಲಿ ಹದಿನೈದು ರೂಪಾಯಿಗಿಂತ ಹೆಚ್ಚು ಕೊಳೆ ಇರಕೂಡದು ಎಂದು ಕಾನೂನು ಹೇಳುತ್ತದೆ. ಯಾವ ಕಣ್ಣಿಗೂ, ಯಾವ ನಾಲಿಗೆಗೂ ಇದು ನಿಲುಕುವ ಲೆಕ್ಕವಲ್ಲ, ಪ್ರಯೋಗಾಲಯವೇ ಬೇಕು.

ವಿಷವೆಂದ ಮೇಲೆ ಮಿತಿಯೇಕೆ, ಸೊನ್ನೆ ಎಂದೇ ಬರೆಯಬಾರದೇ ಎಂದು ಯಾರಾದರೂ ಕೇಳಬಹುದು. ಬೂಷ್ಟು ಪ್ರಕೃತಿಯಲ್ಲಿಯೇ ಇರುವಂಥದು. ಸೊನ್ನೆ ಎಂದು ಬರೆದರೆ ಶೇಂಗಾ ಬೆಳೆಯನ್ನೇ ನಿಷೇಧಿಸಬೇಕಾದೀತು. ಆದುದರಿಂದ ಮಿತಿಯೆನ್ನುವುದು ಆರೋಗ್ಯ, ಕೃಷಿ ಮತ್ತು ಸಾಧ್ಯತೆಗಳ ನಡುವಿನ ಒಂದು ತೀರ್ಮಾನ. ಎಚ್ಚರ ವಹಿಸಿದರೆ ಎಷ್ಟು ಕೆಳಗೆ ಇಳಿಸಬಹುದೋ ಅಷ್ಟಕ್ಕೆ ಇಳಿಸುವುದು ಅದರ ಸೂತ್ರ. ಈ ತೀರ್ಮಾನ ದೇಶದಿಂದ ದೇಶಕ್ಕೆ ಬೇರೆ. ನೇರವಾಗಿ ತಿನ್ನುವ ಶೇಂಗಾಕ್ಕೆ ಯುರೋಪಿನ ಒಕ್ಕೂಟವು 4 ಮೈಕ್ರೋಗ್ರಾಂ ಎಂದು ನಿಗದಿಪಡಿಸಿದೆ. ನಮ್ಮ ಮಿತಿ ಅದರ ಎರಡೂವರೆ ಪಟ್ಟು.

ಹಾಲಿಗೆ ಬಂದ ನಂಜು

ಕತೆ ಶೇಂಗಾದಲ್ಲಿಯೇ ಮುಗಿಯುವುದಿಲ್ಲ. ಗಾಣದಲ್ಲಿ ಎಣ್ಣೆ ತೆಗೆದ ಮೇಲೆ ವಿಷದ ಹೆಚ್ಚಿನ ಪಾಲು ಹಿಂಡಿಯಲ್ಲಿ ಉಳಿಯುತ್ತದೆ. ಆ ಹಿಂಡಿ ಹಸುವಿನ ಬಾನಿಗೆ ಹೋಗುತ್ತದೆ. ಹಸುವಿನ ದೇಹದಲ್ಲಿ ಅದು ಅಫ್ಲಾಟಾಕ್ಸಿನ್ ಎಂ-1 ಎಂಬ ರೂಪ ತಾಳಿ ಹಾಲಿನೊಡನೆ ಹೊರಬರುತ್ತದೆ. ಹಾಲನ್ನು ಕಾಯಿಸಿದರೂ ಹೋಗುವುದಿಲ್ಲ. ಇದಕ್ಕೆ ನಮ್ಮ ನಿಯಮಾವಳಿಯ ಮಿತಿ ಕಿಲೋಗೆ 0.5 ಮೈಕ್ರೋಗ್ರಾಂ, ಹಳೆಯ ಲೆಕ್ಕದಲ್ಲಿ ನೂರು ಕೋಟಿಗೆ ಎಂಟಾಣೆ.

2018ರಲ್ಲಿ ಪ್ರಾಧಿಕಾರವು ದೇಶದ 1,103 ಪಟ್ಟಣ ಹಾಗೂ ನಗರಗಳಿಂದ 6,432 ಹಾಲಿನ ಮಾದರಿಗಳನ್ನು ಪರೀಕ್ಷೆಗೆ ಒಳಪಡಿಸಿತು. ಯೂರಿಯಾ, ಮಾರ್ಜಕ ಮುಂತಾದವುಗಳ ಕಲಬೆರಕೆಯಿಂದ ಅಸುರಕ್ಷಿತವೆನಿಸಿದುವು ಕೇವಲ 12. ಆದರೆ ಅಫ್ಲಾಟಾಕ್ಸಿನ್ ಎಂ-1 ಮಿತಿಯನ್ನು ಮೀರಿದುವು 368. ಪ್ರತಿಜೀವಕ ಔಷಧಿಗಳ ಉಳಿಕೆ ಮಿತಿ ಮೀರಿದುವು 77. ಹಾಲಿನವನ ಮೇಲೆ ನಾವು ಸದಾ ಇಟ್ಟುಕೊಂಡ ಸಂಶಯದ ಕಣ್ಣು ಎಷ್ಟರಮಟ್ಟಿಗೆ ದಾರಿ ತಪ್ಪಿತ್ತೆಂಬುದಕ್ಕೆ ಈ ಅಂಕಿಗಳೇ ಸಾಕ್ಷಿ. ಖೋಟಾ ನೋಟನ್ನು ಹುಡುಕುತ್ತ ಕುಳಿತವರ ಮುಂದೆ ಕೊಳೆ ನೋಟಿನ ಕಟ್ಟು ಸದ್ದಿಲ್ಲದೆ ಸಾಗಿಹೋಗುತ್ತಿತ್ತು.

ಇಲ್ಲಿ ಕಾನೂನಿನ ಒಂದು ದೊಡ್ಡ ಕಿಂಡಿಯನ್ನೂ ಗಮನಿಸಬೇಕು. ಕಾಯಿದೆಯ ‘ಆಹಾರ’ ಎಂಬ ವ್ಯಾಖ್ಯೆಯಲ್ಲಿ ದನದ ಮೇವು ಸೇರುವುದಿಲ್ಲ. 18ನೆಯ ಕಲಮಿನ ಪ್ರಕಾರ ರೈತನಿಗೂ, ಹೊಲದ ಮಟ್ಟದಲ್ಲಿರುವ ಅವನ ಬೆಳೆಗೂ ಈ ಕಾಯಿದೆ ಅನ್ವಯಿಸುವುದಿಲ್ಲ. ಸಣ್ಣ ರೈತನನ್ನು ನ್ಯಾಯಾಲಯಕ್ಕೆ ಎಳೆಯಬಾರದೆಂಬ ಸದುದ್ದೇಶ ಇದರ ಹಿಂದಿರುವುದು ಸ್ಪಷ್ಟ, ಅದನ್ನು ನಾವು ಒಪ್ಪುತ್ತೇವೆ. ಆದರೆ ನಂಜು ಹುಟ್ಟುವುದು ಹೊಲದಲ್ಲಿ, ಕಣದಲ್ಲಿ, ಹಿಂಡಿಯ ಚೀಲದಲ್ಲಿ. ಕಾನೂನು ಕಾಯುತ್ತ ನಿಂತಿರುವುದು ಅಂಗಡಿಯ ಬಾಗಿಲಲ್ಲಿ. ಕಾಳನ್ನು ಬೇಗ ಒಣಗಿಸುವ, ತೇವವಿಲ್ಲದೆ ಶೇಖರಿಸುವ ಸೌಕರ್ಯವನ್ನು ರೈತನಿಗೆ ಒದಗಿಸದೆ ದಂಡದಿಂದ ಮಾತ್ರ ಹಾಲು ಶುದ್ಧವಾಗದು.

ಅರಿಸಿನದ ಹೊಳಪು

ಇನ್ನೊಂದು ಉದಾಹರಣೆ ನಮ್ಮ ಒಲೆಯ ಪಕ್ಕದ ಅರಿಸಿನ. ಸೀಸ ಎಂಬ ಲೋಹವು ಮಕ್ಕಳ ಮಿದುಳಿನ ಬೆಳವಣಿಗೆಗೆ ಕುತ್ತು ತರುವಂಥದು. ಇಷ್ಟಿದ್ದರೆ ಅಪಾಯವಿಲ್ಲ ಎನ್ನುವ ಪ್ರಮಾಣವೇ ಅದಕ್ಕೆ ತಿಳಿದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅರಿಸಿನದ ಕೊಂಬು ಹಾಗೂ ಪುಡಿಯಲ್ಲಿ ಸೀಸಕ್ಕೆ ನಮ್ಮ ಮಿತಿ ಕಿಲೋಗೆ 10 ಮಿಲಿಗ್ರಾಂ. ಮಣ್ಣಿನಿಂದ ಬರುವ ಸೀಸ ಸ್ವಲ್ಪವೇ. ಆದರೆ ಕೊಂಬಿಗೆ ಹೊಳಪು ಬರಲೆಂದು ಸೀಸದ ಕ್ರೋಮೇಟ್ ಎಂಬ ಹಳದಿ ಬಣ್ಣವನ್ನು ಹಚ್ಚುವ ದುರಭ್ಯಾಸ ಕೆಲವೆಡೆ ಇದೆ. 2024ರಲ್ಲಿ ಪ್ರಕಟವಾದ ದಕ್ಷಿಣ ಏಷ್ಯಾದ ನಗರಗಳ ಅಧ್ಯಯನವೊಂದರಲ್ಲಿ ಪಾಟ್ನಾ, ಕರಾಚಿ ಮತ್ತು ಪೇಶಾವರಗಳ ಕೆಲವು ಮಾದರಿಗಳಲ್ಲಿ ಕಿಲೋಗೆ ಸಾವಿರ ಮಿಲಿಗ್ರಾಮಿಗೂ ಹೆಚ್ಚು ಸೀಸ ದೊರೆಯಿತು. ಅದು ನಮ್ಮ ಮಿತಿಯ ನೂರು ಪಟ್ಟು. ಪುಡಿ ಬೇಡ, ಇಡೀ ಕೊಂಬನ್ನು ತಂದು ಮನೆಯಲ್ಲಿ ಕುಟ್ಟಿಕೊಂಡರೆ ಕ್ಷೇಮ ಎಂಬ ನಮ್ಮ ಮನೆಯ ಹಿರಿಯರ ನಂಬಿಕೆ ಇಲ್ಲಿ ಕೆಲಸಕ್ಕೆ ಬಾರದು, ಏಕೆಂದರೆ ಬಣ್ಣವನ್ನು ಹಚ್ಚುವುದು ಕೊಂಬಿಗೇ.

ಇಂತಹ ದೋಷವನ್ನು ತಡೆಯಬಹುದೇ? ಬಾಂಗ್ಲಾದೇಶದ ಅನುಭವ ಆಶಾದಾಯಕವಾಗಿದೆ. ಅಲ್ಲಿ 2019ರಲ್ಲಿ ಮಾರುಕಟ್ಟೆಯ ಅರಿಸಿನದ ಮಾದರಿಗಳಲ್ಲಿ ಶೇಕಡಾ 47ರಷ್ಟರಲ್ಲಿ ಸೀಸವಿತ್ತು. ಸರಕಾರವು ಸಗಟು ಪೇಟೆಗಳಲ್ಲಿ ಸ್ಥಳದಲ್ಲಿಯೇ ಪರೀಕ್ಷೆ ನಡೆಸಿ, ತಪ್ಪಿತಸ್ಥರಿಗೆ ದಂಡ ಹಾಕಿ, ಜನರಲ್ಲಿ ವ್ಯಾಪಕವಾಗಿ ಪ್ರಚಾರ ಮಾಡಿದ ಪರಿಣಾಮವಾಗಿ 2021ರ ವೇಳೆಗೆ ಆ ಪ್ರಮಾಣ ಸೊನ್ನೆಗೆ ಇಳಿಯಿತು. ಕಾನೂನಿನ ಪುಸ್ತಕ ಅಲ್ಲಿಯೂ ಇತ್ತು, ಇಲ್ಲಿಯೂ ಇದೆ; ಅದನ್ನು ಪೇಟೆಯವರೆಗೆ ಕೊಂಡೊಯ್ಯುವ ಸಂಕಲ್ಪವೇ ವ್ಯತ್ಯಾಸವನ್ನು ಮಾಡಿತು.

ಪರೀಕ್ಷೆ ಮತ್ತು ಶಿಕ್ಷೆ

ಆಹಾರ ಸುರಕ್ಷತಾ ಅಧಿಕಾರಿಯು ಅಂಗಡಿಯಿಂದ ಮಾದರಿಯನ್ನು ತೆಗೆದಾಗ ಅದನ್ನು ನಾಲ್ಕು ಭಾಗ ಮಾಡಿ ಮೊಹರು ಹಾಕಬೇಕು. ಒಂದು ಭಾಗ ಆಹಾರ ವಿಶ್ಲೇಷಕರಿಗೆ, ಎರಡು ಭಾಗ ಗೊತ್ತುಪಡಿಸಿದ ಮೇಲಧಿಕಾರಿಗೆ ಹೋಗುತ್ತವೆ. ನಾಲ್ಕನೆಯದನ್ನು ವ್ಯಾಪಾರಿಯು ಬಯಸಿದರೆ ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ ಕಳುಹಿಸಲಾಗುತ್ತದೆ. ವಿಶ್ಲೇಷಕರು 14 ದಿನಗಳೊಳಗೆ ವರದಿ ಕೊಡಬೇಕು. ವರದಿಯನ್ನು ಒಪ್ಪದ ವ್ಯಾಪಾರಿ ಮೇಲ್ಮನವಿ ಸಲ್ಲಿಸಿದರೆ ಮಾದರಿಯು ಉನ್ನತ ಪ್ರಯೋಗಾಲಯಕ್ಕೆ ಹೋಗಬಹುದು. ಹಳೆಯ ಕಾಯಿದೆಯ ಕಾಲದಲ್ಲಿ ಇಂತಹ ಅಂತಿಮ ತೀರ್ಪು ಕೊಡುತ್ತಿದ್ದ ಕೇಂದ್ರ ಪ್ರಯೋಗಾಲಯಗಳಲ್ಲಿ 1950ರಲ್ಲಿ ಸ್ಥಾಪಿತವಾದ ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯವೂ ಒಂದಾಗಿತ್ತೆಂಬುದು ನಮಗೆ ಹೆಮ್ಮೆಯ ಸಂಗತಿ.

ಈ ಕ್ರಮಗಳೆಲ್ಲ ಬರಿಯ ಕಾಗದದ ಶಿಷ್ಟಾಚಾರವಲ್ಲ. 2015ರ ಜೂನಿನಲ್ಲಿ ಸೀಸದ ಕಾರಣದಿಂದ ಮ್ಯಾಗಿ ನೂಡಲ್ಸನ್ನು ದೇಶದಾದ್ಯಂತ ನಿಷೇಧಿಸಲಾಯಿತು. ಅದೇ ವರ್ಷ ಆಗಸ್ಟ್ 13ರಂದು ಮುಂಬಯಿ ಉಚ್ಚ ನ್ಯಾಯಾಲಯವು ಆ ನಿಷೇಧವನ್ನು ರದ್ದುಪಡಿಸಿತು. ಕಂಪೆನಿಯ ವಾದವನ್ನು ಕೇಳದೆ ಆದೇಶ ಹೊರಡಿಸಿದ್ದು ಸಹಜ ನ್ಯಾಯಕ್ಕೆ ವಿರುದ್ಧ, ಪರೀಕ್ಷಿಸಿದ ಪ್ರಯೋಗಾಲಯಗಳಿಗೆ ಬೇಕಾದ ಮಾನ್ಯತೆ ಇರಲಿಲ್ಲ ಎಂಬುದು ಅದರ ಕಾರಣಗಳಲ್ಲಿ ಸೇರಿತ್ತು. ಮೂರು ಮಾನ್ಯ ಪ್ರಯೋಗಾಲಯಗಳಲ್ಲಿ ನಡೆದ ಮರುಪರೀಕ್ಷೆಯಲ್ಲಿ ಸೀಸವು ಮಿತಿಯೊಳಗಿದ್ದುದು ಕಂಡುಬಂದು ನವೆಂಬರಿನಲ್ಲಿ ಮಾರಾಟ ಮತ್ತೆ ಆರಂಭವಾಯಿತು. ಕೋಟಿಯಲ್ಲಿ ರೂಪಾಯಿಯನ್ನು ಎಣಿಸುವ ಕೆಲಸದಲ್ಲಿ ಎಣಿಸುವ ಯಂತ್ರವೇ ಸರಿಯಿಲ್ಲದಿದ್ದರೆ ತಪ್ಪಿತಸ್ಥನೂ ಪಾರಾಗಬಹುದು, ನಿರಪರಾಧಿಗೂ ಕಳಂಕ ತಟ್ಟಬಹುದು.

ಅಸುರಕ್ಷಿತ ಆಹಾರಕ್ಕೆ 59ನೆಯ ಕಲಮಿನಲ್ಲಿ ಶಿಕ್ಷೆಯಿದೆ. ಯಾರಿಗೂ ತೊಂದರೆಯಾಗದಿದ್ದರೂ, 2023ರ ಜನ ವಿಶ್ವಾಸ ಕಾಯಿದೆಯ ತಿದ್ದುಪಡಿಯಂತೆ, ಮೂರು ತಿಂಗಳವರೆಗೆ ಸೆರೆವಾಸ ಮತ್ತು ಮೂರು ಲಕ್ಷ ರೂಪಾಯಿಯವರೆಗೆ ದಂಡ ವಿಧಿಸಬಹುದು. ಪ್ರಾಣಹಾನಿಯಾದರೆ ಏಳು ವರ್ಷಕ್ಕೆ ಕಡಿಮೆಯಿಲ್ಲದ, ಆಜೀವ ಪರ್ಯಂತದವರೆಗಿನ ಸೆರೆವಾಸ ಮತ್ತು ಹತ್ತು ಲಕ್ಷಕ್ಕೆ ಕಡಿಮೆಯಿಲ್ಲದ ದಂಡ. ಅದಲ್ಲದೆ 65ನೆಯ ಕಲಮಿನಂತೆ ಮೃತರ ಕುಟುಂಬಕ್ಕೆ ಕನಿಷ್ಠ ಐದು ಲಕ್ಷ ರೂಪಾಯಿ ಪರಿಹಾರವನ್ನೂ ಕೊಡಿಸಬಹುದು.

ನಾವು ಮಾಡಬಹುದಾದದ್ದು

ಕಾಯಿದೆಯ 40ನೆಯ ಕಲಮು ಗ್ರಾಹಕನಿಗೆ ಒಂದು ಹಕ್ಕನ್ನು ಕೊಟ್ಟಿದೆ. ನಮ್ಮಲ್ಲಿ ಬಹಳ ಮಂದಿಗೆ ಇದರ ಅರಿವಿಲ್ಲ. ಕೊಂಡ ಪದಾರ್ಥವನ್ನು ಶುಲ್ಕ ತೆತ್ತು ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು. ಪರೀಕ್ಷಿಸುವ ಉದ್ದೇಶವನ್ನು ಕೊಳ್ಳುವಾಗಲೇ ಅಂಗಡಿಯವರಿಗೆ ತಿಳಿಸಬೇಕು. ದೋಷವಿರುವುದು ಸಾಬೀತಾದರೆ ಶುಲ್ಕ ಹಿಂದಿರುಗುತ್ತದೆ. ಪೊಟ್ಟಣದ ಮೇಲಿನ 14 ಅಂಕಿಗಳ ಪರವಾನಗಿ ಸಂಖ್ಯೆಯನ್ನು ನೋಡಿ ಕೊಳ್ಳುವುದು, ಬಿಲ್ಲನ್ನು ಇಟ್ಟುಕೊಳ್ಳುವುದು, ಸಂಶಯವಿದ್ದರೆ ರಾಜ್ಯದ ಆಹಾರ ಇಲಾಖೆಗೆ ದೂರು ಕೊಡುವುದು ಎಲ್ಲರಿಗೂ ಸಾಧ್ಯ. ವಡಾಪಾವನ್ನೋ ಭಜಿಯನ್ನೋ ಹಳೆಯ ವೃತ್ತಪತ್ರಿಕೆಯಲ್ಲಿ ಕಟ್ಟಿಕೊಟ್ಟರೆ ಬೇಡವೆನ್ನಿ. ಮುದ್ರಣದ ಶಾಯಿ ಎಣ್ಣೆಗೆ ಇಳಿಯುತ್ತದೆಂಬ ಕಾರಣಕ್ಕೆ 2018ರ ಪೊಟ್ಟಣ ನಿಯಮಾವಳಿಯೇ ಅದನ್ನು ನಿಷೇಧಿಸಿದೆ. ಮನೆಯಲ್ಲಿ ಬೂಷ್ಟು ಹಿಡಿದ, ಸುಕ್ಕಾದ, ಕಹಿಯಾದ ಕಾಳನ್ನು ಲೋಭ ಮಾಡದೆ ಚೆಲ್ಲಿಬಿಡಿ. ದನಕ್ಕೆ ಹಾಕಿದರಾಯಿತೆಂದು ಎತ್ತಿಡಬೇಡಿ. ಅದು ಯಾವ ದಾರಿಯಿಂದ ಹಿಂದಿರುಗುತ್ತದೆಂಬುದನ್ನು ಮೇಲೆಯೇ ಕಂಡಿದ್ದೇವೆ.

ಕೊನೆಯದಾಗಿ, ನಮ್ಮಂತಹ ಸಂಘಗಳಿಗೂ ಒಂದು ಮಾತು. ಕಾಯಿದೆಯಲ್ಲಿ ಆಹಾರ ವ್ಯವಹಾರವೆಂದರೆ ಲಾಭಕ್ಕಾಗಿ ನಡೆಸುವುದು ಮಾತ್ರವಲ್ಲ, ಲಾಭವಿಲ್ಲದ್ದೂ ಸೇರುತ್ತದೆ. ಧಾರ್ಮಿಕ ಹಾಗೂ ಸಾಮಾಜಿಕ ಸಮಾರಂಭಗಳಲ್ಲಿ ಆಹಾರ ಹಂಚುವವರನ್ನೂ ತಾತ್ಕಾಲಿಕ ಮಳಿಗೆಯವರನ್ನೂ 2011ರ ಪರವಾನಗಿ ನಿಯಮಾವಳಿಯು ಸಣ್ಣ ತಯಾರಕರೆಂದೇ ಪರಿಗಣಿಸಿ ನೋಂದಣಿಯ ವ್ಯಾಪ್ತಿಗೆ ತಂದಿದೆ. ಆ ರಾಜ್ಯೋತ್ಸವದ ದಿನ, ತಿಳಿಯದೆಯೇ, ಕಾನೂನಿನ ಕಣ್ಣಿನಲ್ಲಿ ನಾವೂ ವ್ಯಾಪಾರಿಗಳೇ ಆಗಿದ್ದೆವು. ಹೋಳಿಗೆ ತಿನ್ನಲು ಸಾಲಿನಲ್ಲಿ ನಿಂತವರಲ್ಲಿ ಬಹುಪಾಲು ಮಕ್ಕಳಿದ್ದರು. ಅವರಲ್ಲಿ ನಮ್ಮ ಮೊಮ್ಮಗಳೂ ಇದ್ದಳು.

ಈಗಲೂ ಮಳಿಗೆಯ ಲೆಕ್ಕವನ್ನು ನಾವೇ ಬರೆಯುತ್ತಿದ್ದೇವೆ. ಸಾಮಗ್ರಿ ತಂದ ದಿನ ಆ ಹಿರಿಯರ ಮುಂದೆ ಒಂದು ಹಿಡಿ ಕಾಳನ್ನಿಟ್ಟು ಅವರ ಒಪ್ಪಿಗೆ ಪಡೆದ ಮೇಲೆಯೇ ಒಲೆ ಹೊತ್ತಿಸುವುದು ನಮ್ಮ ಪದ್ಧತಿಯಾಗಿದೆ. ನೂರು ಕೋಟಿಯಲ್ಲಿ ಹದಿನೈದು ರೂಪಾಯಿಯನ್ನು ಅವರ ನಾಲಿಗೆ ಗುರುತಿಸಲಾರದು, ನಿಜ. ಆದರೆ ನಾಕು ಮಂದಿಗೆ ಉಣಿಸುವವರಿಗೆ ಇರಬೇಕಾದ ಅಂಜಿಕೆ ಅವರಲ್ಲಿದೆ. ಕಾಯಿದೆಯು ಎಷ್ಟು ಕಲಮುಗಳನ್ನು ಬರೆದರೂ ವ್ಯಾಪಾರಿಯ ಮನಸ್ಸಿನಲ್ಲಿ ಹುಟ್ಟಿಸಲು ಹವಣಿಸುವುದು ಆ ಅಂಜಿಕೆಯನ್ನೇ ಎಂದು ನಾವು ತಿಳಿದಿದ್ದೇವೆ.